ಬೇವಿನ ಗಿಡಕ್ಕೆ ಕಟ್ಟಿದ ಸ್ಪೀಕರ್

“ಯಾವ ಜಯಂತಿಗಿ ಬೇಕ್ರಿ, ಅಣ್ಣಾವ್ರ?”

ಹೀಗೆ ಕೇಳಿದವನು ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಸ್ಪೀಕರು, ಮೈಕು, ಆಂಪ್ಲಿಫೈಯರು ಮಾರುವ ಅನೀಲಕುಮಾರ. ಕೇಳಿದ್ದು ರಾಜೀವನನ್ನು. ಸ್ಪೀಕರ್ ಬೇಕಾಗಿದ್ದದ್ದು ರಾಜೀವನ ಹೆಂಡತಿ ರತ್ನಮಾಲಾಳಿಗೆ. ಓವರ್‌ಟೈಮ್ ಮಾಡಿ ದುಡ್ಡು ಕೂಡಿಸಿದವಳು ಅವಳು, ಅಂಗಡಿಯೊಳಗೆ ಮೊದಲು ಕಾಲಿಟ್ಟವಳು ಅವಳು. ಪುಸ್ತಕದ ಕಪಾಟಿನಲ್ಲಿ ಕೂಡುವಂಥ ಸಣ್ಣ ಜೋಡಿ ಬೇಕು, ಮನೆಯಲ್ಲಿ ಕೂತು ಹಾಡು ಕೇಳಲಿಕ್ಕೆ ಎಂದು ಬಿಡಿಸಿ ಹೇಳಿದವಳೂ ಅವಳೇ. ಅನೀಲಕುಮಾರ ಅದನ್ನೆಲ್ಲ ಒಂದು ಕಿವಿಯಿಂದ ಕೇಳಿ ಇನ್ನೊಂದು ಕಿವಿಯಿಂದ ಬಿಟ್ಟು, ಹೊರಗೆ ನಿಂತಿದ್ದ ಮೋಟರ್‌ಸೈಕಲ್ಲಿನ ಮೇಲಿನ ನೀಲಿ ಅಶೋಕಚಕ್ರ ನೋಡಿ, ಯಾವ ಜಯಂತಿಗೆ ಎಂದು ಗಂಡಸನ್ನು ಕೇಳಿದ್ದ. ಸ್ಪೀಕರ್ ಮಾರುವವನಿಗೆ ಕಿವಿಯೇ ಇಲ್ಲದಿದ್ದರೆ ಏನು ಮಾಡಬೇಕು?

ರಾಜೀವ ಹಲ್ಲು ಬಿಟ್ಟು ನಕ್ಕ. ಅವನಿಗೆ ಎಲ್ಲದಕ್ಕೂ ನಗು. ಬಸವಕಲ್ಯಾಣದಲ್ಲಿ ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುವ, ಓಣಿಯ ಯಾರು ಏನು ಕೇಳಿದರೂ ಇಲ್ಲ ಎನ್ನಲಾರದ ಮನುಷ್ಯ ಅವನು. ಅಷ್ಟರಲ್ಲಿ ಅನೀಲಕುಮಾರ ಆಳೆತ್ತರದ ಒಂದು ಡಬ್ಬಿಯ ಬಟನ್ ಒತ್ತಿದ. ಅದರ ಹೊಟ್ಟೆಯಲ್ಲಿ ಕೆಂಪು, ಹಸಿರು ದೀಪ ಹತ್ತಿ ತಿರುಗತೊಡಗಿದವು. ಗಾಜಿನ ಬಾಗಿಲು ಗಡಗಡ ಅಂದಿತು.

“ನಿಮ್ಮ ಮಂದಿಗಿ ಬೇಸ್ ಬೇಕಾಗ್ತದ. ಇದು ಎದಿಗಿ ಬಡೀತದ ನೋಡ್ರಿ,” ಎಂದ.

ರತ್ನಮಾಲಾ ಕೈಚಾಚಿ ಆ ಬಟನ್ ತಾನೇ ಒತ್ತಿ ಅದರ ಬಾಯಿ ಮುಚ್ಚಿಸಿದಳು.

“ನಮ್ಮ ಮಂದಿಗಿ ಕಿವಿನೂ ಅದಾವ್ರಿ,” ಅಂದಳು.

ಏಪ್ರಿಲ್ ಹದಿನಾಲ್ಕಕ್ಕೆ ಬಾಬಾಸಾಹೇಬರ ಜಯಂತಿಯ ಮೆರವಣಿಗೆಯಲ್ಲಿ ಅವಳೂ ಕುಣಿಯುತ್ತಾಳೆ. ನೀಲಿ ಸೀರೆ ಉಟ್ಟು, ಡಿಜೆ ಮುಂದೆ, ಕಾಲು ಸೋಲುವ ತನಕ ಕುಣಿಯುತ್ತಾಳೆ. ಅದು ರಸ್ತೆಯ ಸಂತೋಷ, ಅದಕ್ಕೆ ಎದೆಗೆ ಬಡಿಯುವ ಡಬ್ಬಿಯೇ ಬೇಕು. ಆದರೆ ವರ್ಷದಲ್ಲಿ ಒಂದು ದಿನ ಕುಣಿಯುವವರು ಉಳಿದ ದಿನ ಸುಮ್ಮನೆ ಕೂತು ಏನನ್ನೂ ಕೇಳುವುದಿಲ್ಲ ಎಂದು ಇವನಿಗೆ ಹೇಳಿದವರು ಯಾರು? ಇದು ಅವಳ ಮೈಯನ್ನು ಉರಿಸಿತು.

ರತ್ನಮಾಲಾ ಬಸವಕಲ್ಯಾಣ ಡಿಪೋದಲ್ಲಿ ಕಂಡಕ್ಟರ್. ಬಸವಕಲ್ಯಾಣ, ಸಸ್ತಾಪುರ ಬಂಗ್ಲಾ, ರಾಜೇಶ್ವರ, ಹುಮನಾಬಾದ್, ಮತ್ತೆ ತಿರುಗಿ ಅದೇ ದಾರಿ. ಹೆಂಗಸರಿಗೆ ಟಿಕೆಟ್ ಮಾಫ್ ಆದ ಮೇಲಂತೂ ಬಸ್ಸಿನಲ್ಲಿ ಸೂಜಿ ಊರಲು ಜಾಗವಿಲ್ಲ. ಇಂಜಿನ್ನಿನ ಕೂಗು, ಹಾರ್ನು, ಕಿಟಕಿಯ ಕಟಕಟ, ಆಧಾರ್ ಕಾರ್ಡ್ ಮರೆತವರ ಜಗಳ, ಅದರ ಮೇಲೆ ಒಬ್ಬೊಬ್ಬರ ಮೊಬೈಲಿನಿಂದ ಒಂದೊಂದು ಹಾಡು. ಮನೆಗೆ ಬಂದು ಮಲಗಿದರೂ ಅವಳ ಕಿವಿಯಲ್ಲಿ ಬಸ್ಸು ಓಡುತ್ತಲೇ ಇರುತ್ತಿತ್ತು.

ಹೋದ ವರ್ಷ ಸೋಲಾಪುರದಲ್ಲಿ ನರ್ಸ್ ಆಗಿರುವ ಚಿಕ್ಕಪ್ಪನ ಮಗಳು ಆಮ್ರಪಾಲಿಯ ಮನೆಗೆ ಹೋಗಿದ್ದಳು. ಅಲ್ಲಿ ಗೋಡೆಯ ಹತ್ತಿರ ಎರಡು ಸಣ್ಣ ಕಟ್ಟಿಗೆಯ ಡಬ್ಬಿ ಇದ್ದವು. ಆಮ್ರಪಾಲಿ ಅವಳನ್ನು ಎದುರಿಗೆ ಕೂಡಿಸಿ ಒಂದು ಹಾಡು ಹಚ್ಚಿದಳು. ವಯಸ್ಸಾದ ಹೆಂಗಸೊಬ್ಬಳು ಏಕತಾರಿ ಹಿಡಿದು ಬಾಬಾಸಾಹೇಬರ ಮೇಲೆ ಹಾಡಿದ ಭೀಮಗೀತೆ. ರತ್ನಮಾಲಾಳ ಮೊಬೈಲಿನಲ್ಲೂ ಇದ್ದ ಹಾಡೇ ಅದು, ನೂರು ಸಲ ಕೇಳಿದ್ದೇ. ಆದರೆ ಅವತ್ತು ಸಾಲು ಎತ್ತುವ ಮೊದಲು ಆ ಹೆಂಗಸು ಉಸಿರು ಎಳೆದುಕೊಂಡದ್ದು ಕೇಳಿಸಿತು. ಎದುರಿಗೆ ಚಾಪೆಯ ಮೇಲೆ ಬಂದು ಕೂತಂತೆ ಕೇಳಿಸಿತು. ರತ್ನಮಾಲಾಳ ಕಣ್ಣಲ್ಲಿ ನೀರು ಬಂತು, ಯಾಕೆಂದು ಅವಳಿಗೂ ತಿಳಿಯಲಿಲ್ಲ. ಅವತ್ತು ಅವಳ ಕಿವಿಯೊಳಗಿನ ಬಸ್ಸು ನಿಂತಿತು. ದಿನಕ್ಕೆ ಒಂದು ತಾಸು ಆ ಉಸಿರು ಕೇಳಬೇಕು, ಇಷ್ಟೇ ಅವಳ ಆಸೆ.

ಅದಕ್ಕೇ ಅನೀಲಕುಮಾರ ಮನಸ್ಸಿಲ್ಲದ ಮನಸ್ಸಿನಿಂದ ಮೇಲಿನ ಅಟ್ಟದಿಂದ ಮೂರು ಸಣ್ಣ ಜೋಡಿ ಇಳಿಸಿದಾಗ ಅವಳು ಆ ಹಾಡನ್ನೇ ಹಚ್ಚಲು ಹೇಳಿದಳು. ಇಂಥ ಹಾಡಿನಲ್ಲಿ ಏನೂ ಗೊತ್ತಾಗುವುದಿಲ್ಲ ಎಂದ ಅವನು. ತನಗೆ ಗೊತ್ತಾಗುತ್ತದೆ ಎಂದಳು ಇವಳು. ಕೂತು ಕೇಳಲು ಕುರ್ಚಿ ಬೇಕೆಂದಳು. ಆ ಅಂಗಡಿಯಲ್ಲಿ ಗಿರಾಕಿಗೆ ಕುರ್ಚಿಯೇ ಇರಲಿಲ್ಲ, ಸ್ಪೀಕರನ್ನು ನಿಂತೇ ಕೇಳಿ ನಿಂತೇ ಕೊಂಡು ಹೋಗುವುದು ಅಲ್ಲಿನ ಪದ್ಧತಿ. ಅವಳು ಮಿಕ್ಸರಿನ ಖಾಲಿ ಖೋಕಾ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತಳು. ಡಬ್ಬಿಗಳನ್ನು ಕಿವಿಯ ಮಟ್ಟಕ್ಕೆ, ಒಂದರಿಂದ ಒಂದು ಮಾರು ದೂರ ಇಡಿಸಿದಳು. ರಾಜೀವ ನಾಚಿಕೆಯಿಂದ ರಸ್ತೆ ನೋಡುತ್ತ ನಿಂತ.

ಮೊದಲ ಜೋಡಿ ಕರಿ ಪ್ಲಾಸ್ಟಿಕ್ಕಿನದು, ಥಳಥಳ ಹೊಳೆಯುತ್ತಿತ್ತು. ಹಾಡು ಮೂಗಿನಿಂದ ಬಂದಂತೆ ಬಂತು. ಎರಡನೆಯದು ದೊಡ್ಡ ದನಿಯದು, ಒಮ್ಮೆಲೇ ಚೆನ್ನ ಅನ್ನಿಸಿತು. ಆದರೆ ಕಂಡಕ್ಟರ್ ಆದವಳ ಕಣ್ಣು ಯಾವಾಗಲೂ ಎದುರಿನವರ ಕೈಯ ಮೇಲೆ. ಜೋಡಿ ಬದಲಿಸುವಾಗ ಅನೀಲಕುಮಾರನ ಹೆಬ್ಬೆರಳು ವಾಲ್ಯೂಮನ್ನು ಸದ್ದಿಲ್ಲದೆ ಮೇಲಕ್ಕೆ ಒಯ್ದದ್ದನ್ನು ಅವಳು ನೋಡಿದಳು.

“ಅದನ್ನ ಇಳಸ್ರಿ. ಮೊದಲಿನದು ಎಷ್ಟಿತ್ತೋ ಇದೂ ಅಷ್ಟ ಇರ್ಲಿ,” ಅಂದಳು.

ಇಳಿಸಿದ ಮೇಲೆ ಎರಡನೆಯದರ ಬಣ್ಣ ಬಯಲಾಯಿತು. ದನಿ ದೊಡ್ಡದಿತ್ತೇ ಹೊರತು ಅದರಲ್ಲಿ ಹಾಡುವವಳು ಇರಲಿಲ್ಲ. ಮೂರನೆಯದು ನೋಡಲು ಏನೂ ಇಲ್ಲದ ಕಂದು ಬಣ್ಣದ ಜೋಡಿ, ಮುಖಕ್ಕೆ ಬೂದಿ ಬಣ್ಣದ ಬಟ್ಟೆ. ಎತ್ತಿದರೆ ಜೋಳದ ಚೀಲದ ಹಾಗೆ ಭಾರ. ಏಕತಾರಿ ಮಿಡಿಯಿತು. ಆಮೇಲೆ, ಸಾಲಿಗೆ ಮೊದಲು, ಉಸಿರು.

ಇವೇ ಇರಲಿ ಎಂದಳು ರತ್ನಮಾಲಾ. ಅನೀಲಕುಮಾರ ರಾಜೀವನ ಮುಖ ನೋಡಿದ, ಏನು ಮಾಡೋಣ ಅನ್ನುವ ಹಾಗೆ. ರಾಜೀವ, ಆಕಿ ಹೇಳ್ದಂಗ ಮಾಡ್ರಿ ಎಂದು ಕೈಯಾಡಿಸಿದ. ಅಂದರೆ ಅದಕ್ಕೂ ಅವನ ಕೈ ಆಡಬೇಕಾಯಿತು! ಸ್ಪೀಕರಿಗೆ ತಕ್ಕ ಸಣ್ಣ ಆಂಪ್ಲಿಫೈಯರನ್ನೂ ಕಟ್ಟಿಸಿಕೊಂಡು, ಆ ಸಿಟ್ಟನ್ನೂ ಅದರ ಜೊತೆಗೇ ಕಟ್ಟಿಕೊಂಡು ಅವಳು ಮನೆಗೆ ಬಂದಳು.

ಅವರ ಮನೆಯಲ್ಲಿ ಪುಸ್ತಕದ ಕಪಾಟೆಂದರೆ ಸಾಮಾನ್ಯವಲ್ಲ. ಮೇಲೆ ಬುದ್ಧನ ಸಣ್ಣ ಮೂರ್ತಿ, ಕೆಳಗೆ ಬಾಬಾಸಾಹೇಬರ ಸಂಪುಟಗಳು. ಅದರ ಮುಂದೆ ಚಪ್ಪಲಿ ಹಾಕಿಕೊಂಡು ಯಾರೂ ಹಾಯುವುದಿಲ್ಲ. ಮೊದಲು ರತ್ನಮಾಲಾಳ ಅತ್ತೆ ಕಾಂತಾಬಾಯಿ ತಕರಾರು ತೆಗೆದಳು, ಹಾಡಿನ ಡಬ್ಬಿಗಾಗಿ ಒಂದು ಪುಸ್ತಕವೂ ಜಾಗ ಬಿಡಬಾರದು ಎಂದು. ಜೀವನವೆಲ್ಲ ಬೇರೆಯವರ ಹೊಲದಲ್ಲಿ ಕಳೆ ತೆಗೆದ ಹೆಂಗಸು ಅವಳು. ಅಕ್ಷರ ಬಾರದು, ಆದರೆ ಆ ಪುಸ್ತಕಗಳ ಧೂಳನ್ನು ಬೇರೆ ಯಾರಿಗೂ ಒರೆಸಲು ಬಿಡುವುದಿಲ್ಲ. ಕೊನೆಗೆ ಮಧ್ಯದ ಸಾಲಿನ ಎರಡು ತುದಿಗೆ, ಒಂದು ಪುಸ್ತಕವನ್ನೂ ಕದಲಿಸದೆ ಡಬ್ಬಿಗಳು ಕೂತವು. ಅದುರಬಾರದೆಂದು ಡಿಪೋದಿಂದ ತಂದ ಹಳೆಯ ಟ್ಯೂಬಿನ ತುಂಡು ಅಡಿಗೆ ಇಟ್ಟದ್ದಾಯಿತು.

ಡ್ಯೂಟಿ ಮುಗಿಸಿ ಬಂದು, ಕಾಲು ತೊಳೆದು, ಬಾಗಿಲು ಮುಂದೆ ಮಾಡಿ ರತ್ನಮಾಲಾ ಒಂದು ತಾಸು ಕೂಡುತ್ತಿದ್ದಳು. ಬಾಗಿಲು ಮುಂದೆ ಮಾಡಿದ್ದು ಓಣಿಗೆ ಸೇರಲಿಲ್ಲ. ಹಾಡು ಹಚ್ಚಿದರೆ ನಾಲ್ಕು ಮನೆಗೆ ಕೇಳಬೇಕು, ಒಬ್ಬಳೇ ಕೇಳುವುದೆಂದರೆ ಒಬ್ಬಳೇ ಉಂಡಂತೆ ಎಂದು ಅವರ ಲೆಕ್ಕ. ಆ ಓಣಿಯಲ್ಲಿ ದೊಡ್ಡ ಪಾತೇಲಿ, ಜಮಖಾನೆ, ನಿಚ್ಚಣಿಕೆ, ಸ್ಪೀಕರು ಇವು ಯಾರ ಮನೆಯಲ್ಲಿದ್ದರೂ ಎಲ್ಲರವು. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ರತ್ನಮಾಲಾಳ ಮದುವೆಯ ಅಡುಗೆಯೂ ಯಾರದೋ ಪಾತೇಲಿಯಲ್ಲಿ ಬೆಂದದ್ದೇ. ಅದನ್ನು ಅವಳು ಮರೆತವಳಲ್ಲ. ಆದರೆ ಒಂದು ತಾಸು ಕಿವಿಯನ್ನು ತನ್ನದೆಂದು ಇಟ್ಟುಕೊಂಡರೆ ಯಾರ ಗಂಟು ಹೋಯಿತು?

ಒಂದು ತಿಂಗಳೂ ತುಂಬಿರಲಿಲ್ಲ. ಅವಳಿಗೆ ಹುಲಸೂರಿನ ವಸತಿ ಬಸ್ಸಿನ ಡ್ಯೂಟಿ ಬಿತ್ತು. ರಾತ್ರಿ ಅಲ್ಲೇ ಉಳಿದು, ಮರುದಿನ ಮನೆಗೆ ಹೋಗದೆ ಹುಮನಾಬಾದಿನ ಟ್ರಿಪ್ಪಿಗೆ ಹತ್ತಿದಳು. ಮಧ್ಯಾಹ್ನ ಹುಮನಾಬಾದಿನಲ್ಲಿ ಬಸ್ಸು ಹೊರಡುವಾಗ ಒಬ್ಬ ತರುಣ ಓಡಿಬಂದು ದೊಡ್ಡ ಗಂಟೊಂದನ್ನು ಒಳಗೆ ನೂಕಿ ತಾನೂ ಹತ್ತಿದ. ಗಂಟು ಕಟ್ಟಿದ ಸೋಲಾಪುರ ಚಾದರ ನೋಡಿ ರತ್ನಮಾಲಾ ನಿಂತಲ್ಲೇ ನಿಂತಳು. ಆಮ್ರಪಾಲಿ ಉಡುಗೊರೆ ಕೊಟ್ಟ ಚಾದರ. ಅಂಚಿಗೆ ಇಸ್ತ್ರಿ ಸುಟ್ಟ ಕಲೆ, ಅವಳೇ ಸುಟ್ಟದ್ದು. ಬಗ್ಗಿ ಒಂದು ತುದಿ ಎತ್ತಿದಳು. ಕಂದು ಬಣ್ಣದ ಕಟ್ಟಿಗೆ. ಅದರ ಮೈಗೆ ಹಗ್ಗದ ಗಾಯ.

“ಇವು ಯಾರವು?” ಎಂದು ಕೇಳಿದಳು.

“ಕಲ್ಯಾಣದಾಗಿನ ನಮ್ಮ ರಾಜೀವಣ್ಣಂದು, ಅಕ್ಕೋರ. ವಾಪಸ್ ಕೊಡ್ಲಾಕ ಹೊಂಟೀನಿ.”

ಅವನ ಹೆಸರು ಬಂಡೆಪ್ಪ, ಘಾಟಬೋರಾಳದವನು, ರಾಜೀವನ ಅಂಗಡಿಗೆ ಗೊಬ್ಬರಕ್ಕೆ ಬರುವ ರೈತ. ಕಂಡಕ್ಟರ್ ಯಾರ ಹೆಂಡತಿ ಎಂದು ಅವನಿಗೇನು ಗೊತ್ತು? ಪಾಪ, ಕೇಳದಿದ್ದರೂ ಎಲ್ಲ ಹೇಳಿದ. ನಿನ್ನೆ ಅಣ್ಣನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತಂತೆ. ಊರಿನ ಮಂಡಳಿಯ ಸ್ಪೀಕರು ಕೆಟ್ಟಿತ್ತಂತೆ, ಆಂಪ್ಲಿಫೈಯರು, ಮೈಕು ಮಾತ್ರ ಇದ್ದವಂತೆ. ತಾನು ಕೇಳಿದ ತಕ್ಷಣ ರಾಜೀವಣ್ಣ ತೆಗೆದುಕೊಟ್ಟನಂತೆ.

“ಮನಷ್ಯಾ ಬಂಗಾರ ಅದಾನ, ಆದ್ರ ಯಾರೋ ಅವನಿಗಿ ಟೋಪಿ ಹಾಕ್ಯಾರ್ರಿ,” ಎಂದ ಬಂಡೆಪ್ಪ. “ಬೇವಿನ ಗಿಡಕ್ಕ ಕಟ್ಟಿ, ಮಂಡಳಿ ಆಂಪ್ಲಿಫೈಯರ್ ಹಚ್ಚಿದ್ವಿ. ಹೆಣ್ಮಕ್ಕಳು ಜೋಗುಳ ಹಾಡಿ ಮುಗಸೂದ್ರಾಗ ಈ ಡಬ್ಬಿ ಗಂಟಲಾ ಕೂತ್ವು. ಡುಪ್ಲಿಕೇಟ್ ಮಾಲು.”

ಬೇವಿನ ಗಿಡಕ್ಕೆ! ಎರಡು ಪುಸ್ತಕಗಳ ನಡುವೆ ಕೂಡಲು ಹುಟ್ಟಿದ ಡಬ್ಬಿಗಳನ್ನು ಹಗ್ಗ ಬಿಗಿದು, ಗಿಡಕ್ಕೆ ನೇತುಹಾಕಿ, ಇಡೀ ಊರಿಗೆ ಕೇಳಿಸುವ ಯಂತ್ರವನ್ನು ಅವುಗಳ ಬಾಯಿಗೆ ತುರುಕಿದ್ದರು. ರತ್ನಮಾಲಾಳ ಸಿಟ್ಟು ನೆತ್ತಿಗೇರಿತು. ಆದರೆ ಅದನ್ನು ಈ ಬಂಡೆಪ್ಪನ ತಲೆಯ ಮೇಲೆ ಸುರಿದು ಏನು ಉಪಯೋಗ? ಇವನು ಕೇಳಿದ್ದ, ರಾಜೀವ ಕೊಟ್ಟಿದ್ದ. ಅವಳು ಟಿಕೆಟ್ ಮಷಿನ್ನಿನ ಬಟನ್ನು ಒತ್ತಿದಳು.

“ಲಗೇಜ್ ಆಗ್ತದ,” ಅಂದಳು.

ಸಣ್ಣ ಡಬ್ಬಿ ಅಕ್ಕೋರ, ಬಿಡ್ರಿ ಎಂದು ಅವನು ಗೋಗರೆದ. ಬೇರೆ ದಿನವಾಗಿದ್ದರೆ ಬಿಡುತ್ತಿದ್ದಳು. ಅವತ್ತು ತನ್ನ ಸ್ಪೀಕರಿಗೆ ತಾನೇ ಲಗೇಜ್ ಟಿಕೆಟ್ ಹೊಡೆದು ಅವನ ಕೈಗಿಟ್ಟಳು. ಬಸವಕಲ್ಯಾಣದಲ್ಲಿ ಎಲ್ಲರೂ ಇಳಿದ ಮೇಲೆ ಗಂಟಿಗೆ ಕೈ ಹಾಕಿದ ಬಂಡೆಪ್ಪನನ್ನು ತಡೆದಳು.

“ನಾ ಒಯ್ತೀನಿ ಬಿಡು, ತಮ್ಮಾ. ಇವು ರಾಜೀವಣ್ಣನವು ಅಲ್ಲ. ನನ್ನವು. ನಾ ಅವರ ಮನಿಯಾಕಿ.”

ಬಂಡೆಪ್ಪನ ಮುಖ ಇಳಿಯಿತು. ರಾಜೀವಣ್ಣ ಹೇಳಲಿಲ್ರಿ, ಗೊತ್ತಿದ್ರ ಮುಟ್ತಿದ್ದಿಲ್ರಿ ಎಂದು ಕೈಮುಗಿದ. ಅವನದು ಸುಳ್ಳಲ್ಲ. ಕೂಸಿನ ಹೆಸರೇನು ಎಂದು ಕೇಳಿ, ಅದಕ್ಕೆ ಒಳ್ಳೆಯದಾಗಲಿ ಎಂದು ಹೇಳಿ ಅವನನ್ನು ಕಳಿಸಿದಳು.

ಮನೆಗೆ ಬಂದು ತಂತಿ ಜೋಡಿಸಿ ಆ ಹಾಡು ಹಚ್ಚಿದಳು. ಒಂದು ಡಬ್ಬಿ ಮಾತೇ ಆಡಲಿಲ್ಲ. ಇನ್ನೊಂದರಲ್ಲಿ ದಪ್ಪ ದನಿಯ ಸ್ಪೀಕರು ಉಳಿದು, ಮೇಲಿನ ಸಣ್ಣ ಸ್ಪೀಕರು ಸುಟ್ಟುಹೋಗಿತ್ತು. ಹಾಡುವವಳು ಕೌದಿ ಹೊದ್ದು ಹಾಡಿದಂತೆ ಕೇಳಿತು. ಸಾಲಿಗೆ ಮೊದಲು ಏನೂ ಇರಲಿಲ್ಲ. ಉಸಿರು ಹೋಗಿತ್ತು.

ರಾಜೀವ ಸಂಜೆ ಬಂದು ವಿಷಯ ತಿಳಿದಾಗ ಮೊದಲು ಎಂದಿನಂತೆ ನಕ್ಕ. ನಗು ನಡೆಯಲಿಲ್ಲ ಎಂದು ಗೊತ್ತಾದ ಮೇಲೆ ಸಿಡಿದ. ಕೂಸಿನ ತೊಟ್ಟಿಲಿಗೆ ಇಲ್ಲ ಅಂತ ಹ್ಯಾಗೆ ಅನ್ನಲಿ, ಎರಡು ಡಬ್ಬಿಗಾಗಿ ಮಂದಿಯ ಬಾಯಿಗೆ ಬೀಳಲೇನು, ನಾಳೆ ನಮಗೂ ಮಂದಿ ಬೇಕಾಗುತ್ತದೆ ಎಂದ.

“ಕೊಡೂದು ನಿಮ್ಮ ಗುಣ ಅದ. ಅದನ್ನ ನೋಡೇ ನಾ ನಿಮ್ಮನ್ನ ಒಪ್ಪಿದ್ದು,” ಅಂದಳು ರತ್ನಮಾಲಾ. “ಆದ್ರ ನನ್ನದನ್ನ ಕೊಟ್ಟು ನೀವು ದೊಡ್ಡವ್ರಾಗೂದು ಯಾವ ಗುಣರಿ? ಫೋನ್ ಇತ್ತಿಲ್ಲೋ? ಒಂದ ಮಾತು ಕೇಳಿದ್ರ ನಿಮ್ಮ ನಾಲಿಗಿ ಸವೀತಿತ್ತೇನು?”

ಅವನು ಎದ್ದು ಹೊರಗೆ ಹೋದ. ಮರುದಿನ ಅವಳು ಡ್ಯೂಟಿಯಿಂದ ಬರುವಾಗ ಮನೆಯ ಮುಂದೆ ಓಣಿಯ ಹುಡುಗರ ಸಂತೆ ನೆರೆದಿತ್ತು. ಒಳಗಿನಿಂದ ಕೆಂಪು, ಹಸಿರು ಬೆಳಕು ಹೊರಗೆ ಚೆಲ್ಲುತ್ತಿತ್ತು. ಕಪಾಟಿನ ಮುಂದೆ, ಪುಸ್ತಕಗಳನ್ನು ಮರೆಮಾಡಿ, ಅನೀಲಕುಮಾರನ ಅಂಗಡಿಯ ಆ ಆಳೆತ್ತರದ ಡಬ್ಬಿ ನಿಂತಿತ್ತು. ಅದರ ಹೊಡೆತಕ್ಕೆ ತಾಟು, ಲೋಟ ಕಟಕಟ ಅನ್ನುತ್ತಿದ್ದವು. ಕಾಂತಾಬಾಯಿ ಕಪಾಟಿನ ಮೇಲಿನ ಬುದ್ಧ ಬೀಳದಂತೆ ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದಳು.

“ನೋಡು, ನಿನ್ನ ಎರಡರ ಬದ್ಲಿ ಎಂಥಾದ್ದು ತಂದೀನಿ,” ಎಂದ ರಾಜೀವ. ಅವನ ಮುಖದಲ್ಲಿ ಖರೇ ಸಂತೋಷವಿತ್ತು, ಅದೇ ಇನ್ನೂ ಕೆಟ್ಟದ್ದು. “ಸುಟ್ಟವು ಎರಡೂ ಕೊಟ್ಟೆ, ಮ್ಯಾಲ ಸ್ವಲ್ಪ ಹಾಕಿ ಇದು ಬಂತು.”

ಕೊಟ್ಟೆ. ಮತ್ತೆ ಕೊಟ್ಟಿದ್ದ! ಸುಟ್ಟದ್ದಾದರೂ ಅವಳದು ಎಂದು ಅವನ ತಲೆಗೆ ಹೊಳೆದಿರಲೇ ಇಲ್ಲ. ಹುಮನಾಬಾದಿನ ಅನೀಲಕುಮಾರ ಅವಳಿಗೆ ಏನು ಬೇಕೆಂದು ಕೇಳದೆ ತಾನೇ ತೀರ್ಮಾನಿಸಿದಾಗ ಬಂದ ಸಿಟ್ಟು ಒಂದು ಬಗೆ. ಮನೆಯವನೇ ಅವನ ಪಕ್ಕಕ್ಕೆ ಹೋಗಿ ನಿಂತಾಗ ಬಂದ ಸಿಟ್ಟು ಬೇರೆ. ಅದರಲ್ಲಿ ಅಳುವೂ ಬೆರೆತಿತ್ತು. ಅವಳು ಡಬ್ಬಿಯ ಪ್ಲಗ್ ಕಿತ್ತಳು, ಹುಡುಗರನ್ನು ಕಳಿಸಿದಳು, ಅಡುಗೆ ಮಾಡಿದಳು.

ವಾರದ ರಜೆಯ ದಿನ ಬೆಳಿಗ್ಗೆ ಅವಳು ಆ ಡಬ್ಬಿಗೆ ಹಗ್ಗ ಬಿಗಿಯುವುದನ್ನು ನೋಡಿ ಕಾಂತಾಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು.

“ನಾನೂ ಬರ್ತೀನಿ, ರತ್ನಾ. ಆ ದೆವ್ವಾ ಮನಿ ಬಿಟ್ಟು ಹೋಗೂದು ನನ್ನ ಕಣ್ಣಿಲೆ ನೋಡ್ಬೇಕು.”

ಇಬ್ಬರೂ ಬಸ್ಸಿನಲ್ಲೇ ಹೋದರು. ಅತ್ತೆಗೆ ಸೊನ್ನೆಯ ಟಿಕೆಟ್ಟು, ಸೊಸೆಗೆ ಸೊನ್ನೆಯ ಟಿಕೆಟ್ಟು, ಡಬ್ಬಿಗೆ ಮಾತ್ರ ಲಗೇಜು. ನಮ್ಮವರದೇ ಇರಲಿ ಬಿಡು ಎಂದ ಜೊತೆಯ ಕಂಡಕ್ಟರಿಗೆ, ಇದು ನಮ್ಮದಲ್ಲ, ಪೂರಾ ಹೊಡೆ ಎಂದಳು ರತ್ನಮಾಲಾ.

ಅಂಗಡಿಯಲ್ಲಿ ಅನೀಲಕುಮಾರ ಡಬ್ಬಿಯನ್ನೂ ಅವಳನ್ನೂ ನೋಡಿ, ಕೆಟ್ಟಿದೆಯೇ ಎಂದು ಕೇಳಿದ. ಕೆಟ್ಟಿಲ್ಲ, ಬೇಡವಾಗಿದೆ, ಇದನ್ನು ಇಟ್ಟುಕೊಂಡು ತನಗೆ ಸಣ್ಣ ಜೋಡಿ ಕೊಡಬೇಕು ಎಂದಳು. ಅವನು ತಲೆಯಾಡಿಸಿದ.

“ಸಾಹೇಬ್ರು ಖುದ್ದಾಗಿ ಬಂದು ಒಪ್ಪಿ ಒಯ್ದಾರ್ರಿ. ಅವರನ್ನ ಕರಕೊಂಡು ಬರ್ರಿ, ಮಾತಾಡೂಣು.”

ಕಾಂತಾಬಾಯಿ ಏನೋ ಹೇಳಲು ಬಾಯಿ ತೆರೆದಳು. ರತ್ನಮಾಲಾ ಅವಳ ಕೈ ಹಿಡಿದು ತಡೆದು, ಫೋನ್ ತೆಗೆದು ರಾಜೀವನಿಗೆ ಹಚ್ಚಿ, ಎಲ್ಲರಿಗೂ ಕೇಳಿಸುವ ಹಾಗೆ ಮಾಡಿ ಕೌಂಟರಿನ ಮೇಲೆ ಇಟ್ಟಳು.

“ಹುಮನಾಬಾದಿನ ಅಂಗಡ್ಯಾಗ ಇದ್ದೀನಿ. ಅತ್ತಿ ಇಲ್ಲೇ ಅದಾರ, ಅಂಗಡಿಯವ್ರೂ ಕೇಳಾಕತ್ತಾರ. ಒಂದ ಮಾತು ಹೇಳ್ರಿ. ಆ ಸಣ್ಣ ಸ್ಪೀಕರ್ ಯಾರವು?”

ಆ ಕಡೆ ಗೊಬ್ಬರದ ಚೀಲ ಇಳಿಸುವ ಸದ್ದು ಕೇಳುತ್ತಿತ್ತು. ರಾಜೀವ ಗಂಟಲು ಸರಿಮಾಡಿಕೊಂಡ.

“ನಿನ್ನವು,” ಎಂದ.

“ನನಗ ಗೊತ್ತದ. ಅವರಿಗಿ ಹೇಳ್ರಿ.”

ಕಾಂತಾಬಾಯಿ ಫೋನಿನ ಮೇಲೆ ಬಗ್ಗಿ, “ಹೇಳೋ ರಾಜ್ಯಾ,” ಅಂದಳು.

“ಅವು ಆಕೀವ್ರಿ, ಅನೀಲ ಸೇಟ್,” ಎಂದ ರಾಜೀವ. ದನಿ ಸಣ್ಣದಾಗಿತ್ತು. “ನನ್ನವಲ್ಲ. ಆಕಿನ್ನ ಕೇಳಲಾರದ ಗಿಡಕ್ಕ ಕಟ್ಲಾಕ ಕೊಟ್ಟೆ, ಕೇಳಲಾರದ ನಿಮಗ ಕೊಟ್ಟೆ. ಆಕಿ ಏನು ಹೇಳ್ತಾಳ ಅದನ್ನ ಮಾಡ್ರಿ. ನನ್ನ ಕೇಳಬ್ಯಾಡ್ರಿ.”

ರತ್ನಮಾಲಾ ಫೋನ್ ಎತ್ತಿಕೊಂಡಳು. ಗೆದ್ದೆ ಎಂದು ಅನ್ನಿಸಲಿಲ್ಲ. ಇಷ್ಟು ಸಣ್ಣ ಮಾತನ್ನು ಆಡಿಸಲು ಇಷ್ಟು ದೂರ ಬರಬೇಕಾಯಿತಲ್ಲ ಎಂದು ಮತ್ತೆ ಸಿಟ್ಟೇ ಬಂತು. ಅನೀಲಕುಮಾರ ಅಟ್ಟ ಹತ್ತಿದ. ಕಂದು ಬಣ್ಣದ ಜೋಡಿಯ ಜಾತಿಯದು ಖಾಲಿಯಾಗಿತ್ತು. ಬೇರೆ ಎರಡು ಜೋಡಿ ಇಳಿಸಿದ. ಈ ಸಲ ಅವನೇ ಒಳಗಿನಿಂದ ಕುರ್ಚಿ ತಂದಿಟ್ಟ.

ರತ್ನಮಾಲಾ ತಾನು ಕೂಡದೆ ಅತ್ತೆಯನ್ನು ಕೂಡಿಸಿದಳು. ಕಾಂತಾಬಾಯಿ ಇಷ್ಟು ದಿನ ಸೊಸೆಯ ಹಾಡನ್ನು ಒಲೆಯ ಮುಂದಿನಿಂದ ಕೇಳಿದ್ದಳೇ ಹೊರತು ಎದುರಿಗೆ ಕೂತು ಕೇಳಿರಲಿಲ್ಲ. ಮೊದಲ ಜೋಡಿ ಮುಗಿದಾಗ, ಚಲೋ ಹಾಡ್ತಾಳ ಎಂದಳು, ಯಾರ ಮನೆಯದೋ ಸುದ್ದಿ ಹೇಳಿದಂತೆ. ಎರಡನೆಯದು ಮೊದಲಿನದಕ್ಕಿಂತ ಸಣ್ಣದು, ಬಣ್ಣವೂ ಮಂಕು. ಏಕತಾರಿ ಮಿಡಿದು, ಉಸಿರು ಬಂದು, ಸಾಲು ಎದ್ದಿತು. ಕಾಂತಾಬಾಯಿ ಮುಂದಕ್ಕೆ ಬಗ್ಗಿದಳು. ಎರಡನೆಯ ಸಾಲಿನ ಉಸಿರಿಗೆ ಅವಳ ಕೈ ತನ್ನ ಎದೆಗೆ ಹೋಯಿತು.

“ಪಾಪ, ದಣದಾಳ,” ಎಂದಳು ಮೆಲ್ಲಗೆ. “ಹೊಲದಿಂದ ಬಂದು, ಕೈಕಾಲ ತೊಳಕೊಂಡು, ಹಂಗೇ ಹಾಡ್ಲಾಕ ಕೂತಾಳ. ನಾವು ಹಿಂಗೇ ಹಾಡ್ತಿದ್ವಿ.”

ಅತ್ತೆ ಹಾಡುತ್ತಿದ್ದಳೆಂಬುದೇ ರತ್ನಮಾಲಾಳಿಗೆ ಗೊತ್ತಿರಲಿಲ್ಲ. ಈ ಮನೆಯಲ್ಲಿ ಯಾರೂ ಅದನ್ನು ಕೇಳಿರಲೂ ಇಲ್ಲ, ಕಾಂತಾಬಾಯಿ ಹೇಳಿರಲೂ ಇಲ್ಲ. ಹಾಡು ಮುಗಿದ ಮೇಲೆ, ಇವೇ ಕಟ್ಟಿಕೊಡಿ ಎಂದು ರತ್ನಮಾಲಾ ಹೇಳಿದಳು. ಅನೀಲಕುಮಾರ ಯಾರ ಮುಖವನ್ನೂ ನೋಡದೆ ಕಟ್ಟಿಕೊಟ್ಟ.

ಹೊಸ ಜೋಡಿ ಕಪಾಟಿಗೆ ಬಂದು ನಾಲ್ಕು ದಿನವಾಗಿರಬೇಕು, ಓಣಿಯ ಮಂಡಳಿಯ ಸಂಜೀವಕುಮಾರ ಬಂದ. ತಂಗಿಯ ನಿಶ್ಚಿತಾರ್ಥ, ಪಾತೇಲಿ, ಜಮಖಾನೆ ಬೇಕು, ಹಾಗೇ ಆ ಸಣ್ಣ ಸ್ಪೀಕರೂ ಇದ್ದರೆ ಅನುಕೂಲ ಎಂದ. ರಾಜೀವನ ಬಾಯಿ ರೂಢಿಯ ಬಲದಿಂದ ತೆರೆಯಿತು. ಒಯ್ಯಿ ಎನ್ನುವ ಮಾತು ತುಟಿಯ ತನಕ ಬಂದದ್ದು ರತ್ನಮಾಲಾಳಿಗೆ ಕಾಣಿಸಿತು. ಅವಳು ಅವನನ್ನೇ ನೋಡಿದಳು.

“ಸ್ಪೀಕರ್ ನನ್ನವಲ್ಲೋ,” ಎಂದ ರಾಜೀವ. “ಆಕೀವು. ಆಕಿನ್ನ ಕೇಳು.”

ಸಂಜೀವಕುಮಾರ ನಕ್ಕ, ತಮಾಷೆ ಅಂದುಕೊಂಡು. ಯಾರೂ ನಗದಿದ್ದಾಗ ರತ್ನಮಾಲಾಳ ಕಡೆ ತಿರುಗಿದ. ಅವಳು ಇಲ್ಲ ಎಂದಳು. ಪಾತೇಲಿ ತಾನೇ ತೊಳೆದು ಕೊಡುತ್ತೇನೆ, ಜಮಖಾನೆ ಎರಡೂ ಒಯ್ಯಿ, ತಂಗಿಯ ಕಾರ್ಯಕ್ಕೆ ರಜೆ ಹಾಕಿ ಬಂದು ರೊಟ್ಟಿ ಬಡಿಯುತ್ತೇನೆ, ಇವನ್ನು ಮಾತ್ರ ಕೊಡುವುದಿಲ್ಲ ಎಂದಳು. ಅವನು ಮುಖ ಗಂಟಿಕ್ಕಿಕೊಂಡು ಜಮಖಾನೆ ಹೆಗಲಿಗೆ ಹಾಕಿ ಹೋದ.

ಈಗ ಓಣಿಯೆಲ್ಲ ಏನೇನೋ ಅಂತದ ನೋಡು, ಎಂದು ರಾಜೀವ ಗೊಣಗಿದ. ಅನ್ನಲಿ ಎಂದಳು ರತ್ನಮಾಲಾ. ಬಾಗಿಲು ಮುಂದೆ ಮಾಡಿ, ಅತ್ತೆಗೆ ಚಾಪೆ ಹಾಸಿ, ಹಾಡು ಹಚ್ಚಿ ಕೂತಳು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ರಾಜೀವ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಅವನು ಈ ಡಬ್ಬಿಗಳನ್ನು ಎರಡು ಸಲ ಕೊಟ್ಟಿದ್ದ, ಒಂದು ಸಲವೂ ಕೇಳಿರಲಿಲ್ಲ.

ಏಕತಾರಿ ಮಿಡಿಯಿತು. ರಾಜೀವ ಕತ್ತು ಮುಂದಕ್ಕೆ ಚಾಚಿದ, ಏನೋ ಕಳೆದುಕೊಂಡವನಂತೆ.

“ಆಕಿ ಏನೋ ಮಾಡಿದ್ಳಲ್ಲ, ಹಾಡೂಕಿಂತ ಮೊದ್ಲ? ಇಲ್ಲಿಗಿ ಬರೋಬ್ಬರಿ ಕೇಳ್ಸಲಿಲ್ಲ. ಸ್ವಲ್ಪ ದೊಡ್ಡದು ಮಾಡು.”

“ಇಲ್ಲ,” ಎಂದಳು ರತ್ನಮಾಲಾ.

ರಾಜೀವ ಎದ್ದು, ಸದ್ದಾಗದಂತೆ ಕುರ್ಚಿ ಎತ್ತಿಕೊಂಡು, ಅವರಿಬ್ಬರ ಹತ್ತಿರ ಬಂದು ಕೂತ.